ಕಣ್ಣಿರುವ ತುಂಡು

ರಾತ್ರಿ ಪಾಳಿ. ಹಾಸನದ ಜಿಲ್ಲಾಸ್ಪತ್ರೆ, ಸಿ.ಟಿ. ಕೋಣೆ.
ಇಲ್ಲಿಯ ಎ.ಸಿ. ಯಂತ್ರಕ್ಕಾಗಿ, ನನಗಾಗಿ ಅಲ್ಲ;
ಅದಕ್ಕೇ ಮೇ ತಿಂಗಳಲ್ಲೂ ಸ್ವೆಟರು.
ಪರದೆಯ ಮೇಲೆ ಯಾರದೋ ಶ್ವಾಸಕೋಶ,
ಪಕ್ಕದ ಮೊಬೈಲಿನಲ್ಲಿ ಅರ್ಜಿ:
ವೈದ್ಯಕೀಯ ಚಿತ್ರಣ, ಜೀವವಿಜ್ಞಾನ. ಪಿಎಚ್.ಡಿ. ಸೀಟು ಮೂರು.
ಕೊನೆಯ ದಿನ ಇವತ್ತು, ರಾತ್ರಿ ಹನ್ನೆರಡು.

ಹೆಸರು: ಇಂದ್ರಾಣಿ ಡಿ.
ವಯಸ್ಸು: ಮೂವತ್ತಾರು.
ಅನುಭವ: ಹನ್ನೊಂದು ವರ್ಷ.
ಪ್ರಕಟಿತ ಲೇಖನಗಳು, ಎಂಬಲ್ಲಿ
ಕರ್ಸರು ಮಿನುಗುತ್ತ ನಿಂತಿದೆ,
ಚಿಲ್ಲರೆಗೆ ಕೈಚಾಚಿದ ಕಂಡಕ್ಟರಿನ ಹಾಗೆ.

ಸಂಶೋಧನೆಯ ಉದ್ದೇಶ: ಐನೂರು ಪದ ಮೀರದಂತೆ.

ಹನ್ನೊಂದು ವರ್ಷದಿಂದ ನಾನು ಆಡಿದ್ದು ಎರಡೇ ಮಾತು:
ಉಸಿರು ಬಿಗಿಹಿಡಿಯಿರಿ. ಈಗ ಬಿಡಿ.
ಮೊನ್ನೆ ಆಲೂರಿನ ಟೈಲರ್ ಮಹಬೂಬ್ ಪಾಷಾ
ಮೇಜಿನಿಂದ ಇಳಿದು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕೇಳಿದರು:
'ಏನಾದ್ರೂ ಕಾಣ್ತಾ, ಮೇಡಂ?'
ಕಂಡಿತ್ತು. ಎಡಗಡೆ, ಮೇಲೆ, ಕಡಲೆಕಾಳಿನಷ್ಟು.
'ಡಾಕ್ಟ್ರು ಹೇಳ್ತಾರೆ' ಅಂದೆ.
ಅವರು ಹೋದ ಮೇಲೆ ಹೋದ ವರ್ಷದ ಚಿತ್ರ ತೆಗೆದೆ.
ಆಗಲೂ ಇತ್ತು. ಸಾಸಿವೆ.
ಎರಡು ಹೋಳುಗಳ ಸಂದಿಯಲ್ಲಿ ಅರ್ಧ ಅಡಗಿ,
ನಾನೇ ತೆಗೆದ ಚಿತ್ರದಲ್ಲಿ.

ಅವ್ವ ಸಾಲಗಾಮೆ ಕಡೆಯ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದಳು,
ಜಲಂಧರದ ಲಾರಿಯಲ್ಲಿ ಬಂದ ಬಿತ್ತನೆ ಆಲೂಗೆಡ್ಡೆ ಕೊಯ್ಯಲು.
'ತುಂಡ್‌ತುಂಡ್ಗೂ ಒಂದ್ ಕಣ್ಣಿರ್ಬೇಕು ಕಣೇ ಇಂದ್ರಿ,
ಕಣ್ಣಿಲ್ದಿದ್ದು ಮಣ್ಗೋದ್ರೆ ಮಣ್ಣೇ ಆಯ್ತದೆ.'
ಚಾಕು ತಾಗಿಸುವ ಮೊದಲೇ ಅಂಗೈಯಲ್ಲಿ ತೂಗಿ
ಕೆಲವನ್ನು ಪಕ್ಕಕ್ಕೆ ಎಸೆಯುವಳು: ಒಳಗೆ ಟೊಳ್ಳು.
ಹೇಗೆ ಗೊತ್ತು?
'ಕೈಗೆ ಗೊತ್ತಾಯ್ತದೆ.'
ಆಕರ ಸೂಚಿ ಇಲ್ಲ.

ಹೋದ ವಾರ ಯಂತ್ರ ತಪಾಸಣೆಯ ದಿನ
ನೀರಿನ ಡಬ್ಬಿ ಇಡುವ ಜಾಗದಲ್ಲಿ
ಅವಳು ಎಸೆದ ಒಂದು ಗೆಡ್ಡೆ ಇಟ್ಟೆ.
(ನಿಯಮಕ್ಕೆ ವಿರುದ್ಧ. ಯಾರಿಗೂ ಹೇಳಬೇಡಿ.)
ಅರ್ಧ ಮಿಲಿಮೀಟರಿನ ಹೋಳು, ಹೋಳು, ಹೋಳು,
ಅರವತ್ತೆರಡನೆಯದರಲ್ಲಿ ಒಂದು ಕಪ್ಪು ನಕ್ಷತ್ರ,
ಗೆಡ್ಡೆಯ ನಟ್ಟನಡುವೆ ಬಿರಿದ ಖಾಲಿ.
ಪ್ರಿಂಟು ತೆಗೆದು ಮನೆಗೆ ಒಯ್ದೆ.
ಅವ್ವ ಒಮ್ಮೆ ನೋಡಿ, 'ನಾ ಯೋಳ್ನಿಲ್ವಾ?' ಎಂದು
ದಂಟಿನ ಸೊಪ್ಪು ಬಿಡಿಸುವುದಕ್ಕೆ ಮರಳಿದಳು.

ಹನ್ನೊಂದು ಐವತ್ತೊಂದು.
ಉದ್ದೇಶದ ಚೌಕದಲ್ಲಿ ಬರೆದೆ:
ಸಾಸಿವೆ ಕಡಲೆಯಾಗುವ ಮೊದಲು ಕಾಣುವುದು.
ಆಮೇಲೆ ಸೇರಿಸಿದೆ: ಕಂಡದ್ದನ್ನು ಹೇಳುವುದು.
ಐನೂರರಲ್ಲಿ ಏಳು ಪದ. ಮಿಕ್ಕದ್ದು ಖಾಲಿ ಬಿಡಬಹುದೇ,
ಎಲ್ಲೂ ಬರೆದಿಲ್ಲ.
ಲಗತ್ತಿನ ಜಾಗದಲ್ಲಿ ಆಲೂಗೆಡ್ಡೆಯ ಅರವತ್ತೆರಡನೇ ಹೋಳು.

ಕೆಳಗೆ ಇನ್ನೊಂದು ಪರೀಕ್ಷೆ: ನಾನು ಯಂತ್ರವಲ್ಲ.
ಒಂಬತ್ತು ಚಿತ್ರಗಳಲ್ಲಿ ಸೇತುವೆ ಇರುವುದನ್ನು ಆರಿಸಿ.
ಆರಿಸಿದೆ. ತಪ್ಪು.
ಮಂಜು ಕವಿದ ಮೂಲೆಯಲ್ಲಿ ಇನ್ನೊಂದು ಇತ್ತು.
ಮತ್ತೆ ಆರಿಸಿದೆ.

ಹೊರಗೆ ಸ್ಟ್ರೆಚರಿನ ಚಕ್ರ ಕಿರುಗುಟ್ಟಿತು.
ಬೇಲೂರು ರಸ್ತೆಯಿಂದ, ಬೈಕು, ತಲೆಗೆ ಪೆಟ್ಟು.
ಮೊಬೈಲಿನಲ್ಲಿ ಸಣ್ಣ ವೃತ್ತ ಸುತ್ತುತ್ತಲೇ ಇದೆ,
ಹೋಯಿತೋ ಇಲ್ಲವೋ.
ಕವುಚಿಟ್ಟು ಎದ್ದೆ.
ಮೊದಲು ಹುಡುಗನ ಕಿವಿಯ ಕಡುಕು ಬಿಚ್ಚಬೇಕು,
ಲೋಹ ಇದ್ದರೆ ಚಿತ್ರ ಕೆಡುತ್ತದೆ.