ತೊಟ್ಟಿ ನಂಬರ್ ಮೂರು

ಪತ್ತನಾಜೆಯ ಒಳಗೆ ಮುಗಿಯಬೇಕು ಎಂದಿದ್ದರು.
ನೀರು ಬಸಿದ ತೊಟ್ಟಿಗೆ
ಮೊದಲು ಇಳಿದದ್ದು ಹಗ್ಗಕ್ಕೆ ಕಟ್ಟಿದ ಗ್ಯಾಸ್ ಮೀಟರು,
ಅದು ಕೂಗದೇ ಇದ್ದಮೇಲೆ ಪೊಡಿಯಬ್ಬ,
ಅವನ ಹಿಂದೆ ನೋಟ್‌ಬುಕ್ ಹಿಡಿದ ನಾನು.

ವಾಸನೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ.
ಮೂರನೇ ದಿನಕ್ಕೆ ಅದು ಮೂಗು ಬಿಟ್ಟು ಹೋಗುತ್ತದೆ.
ಮತ್ತೆ ನೆನಪಾಗುವುದು ಬಜಾಲಿನ ಬಸ್ಸಿನಲ್ಲಿ,
ಅಷ್ಟು ಜನ ನಿಂತಿದ್ದೂ
ನನ್ನ ಪಕ್ಕದ ಸೀಟು ಖಾಲಿ ಉಳಿದಾಗ.

ಅವನು ಗೋಡೆ ಬಡಿಯುತ್ತಾನೆ,
ಹಲಸು ಬಲಿತಿದೆಯೇ ಎಂದು ಬಡಿದು ನೋಡುವ ಹಾಗೆ.
ಠಣ್ ಅಂದರೆ ಮುಂದೆ.
ಡಬ್ ಅಂದರೆ ಸೀಮೆಸುಣ್ಣದಲ್ಲಿ ಒಂದು ಸುತ್ತು.
ಎಡಗಿವಿ ಕೇಳುವುದಿಲ್ಲ ಅವನಿಗೆ,
ಅದಕ್ಕೇ ಖಾಲಿ ಅಂಗೈ ಗೋಡೆಗೆ ಆನಿಸಿರುತ್ತಾನೆ:
“ಟೊಳ್ಳು ಮೊದಲು ಕೈಗೆ ಗೊತ್ತಾಗ್ತದೆ ಮಾರಾಯ್ರೆ.”

ಸಂಜೆಗೆ ಗೋಡೆ ತುಂಬ ಬಿಳಿ ಸುತ್ತು,
ನಲವತ್ತೇಳು.
ಎಸ್ಟಿಮೇಟಿನಲ್ಲಿ ಇದ್ದದ್ದು ಹನ್ನೆರಡು.
ನಲವತ್ತೇಳು ಎಂದೇ ಬರೆದೆ,
ಆಫೀಸಿನಲ್ಲಿ ಬೈಸಿಕೊಂಡೆ.

ಗಾರೆಯ ಚೀಲ ಬಂತು. ಚೀಲದ ಮೇಲೆ
ಆರು ಕೈಯ ಒಂದು ನಕ್ಷತ್ರ.
“ಇದೆಂಥ ಗುರ್ತು?”
ಹಿಮ, ಎಂದೆ. ಚಳಿ ದೇಶದಲ್ಲಿ
ಕಾಂಕ್ರೀಟಿನ ಸಣ್ಣ ತೂತಿಗೆ ನೀರು ಹೊಕ್ಕು
ರಾತ್ರಿ ಗಡ್ಡೆಕಟ್ಟಿ ಉಬ್ಬುತ್ತದಂತೆ,
ಗೋಡೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದಂತೆ,
ಈ ಗಾರೆ ಅದನ್ನೂ ತಡೆಯುತ್ತದಂತೆ.
ಬೆವರು ಒರೆಸುತ್ತ ಹೇಳುವಾಗ ನನಗೇ ನಗು.
ಕೊಪ್ಪಳದ ಹುಲಿಗೆವ್ವ ಬುಟ್ಟಿ ಇಳಿಸಿಯೇ ನಕ್ಕಳು:
“ಇಲ್ಲಿ ಬಿಸಲಾಗ ನಾವ ಕರಗಾಕ ಹತ್ತೇವಿ.”

ಪೊಡಿಯಬ್ಬ ನಗಲಿಲ್ಲ.
ಹದಿನಾಲ್ಕರಲ್ಲಿ ಧಕ್ಕೆಯ ಐಸ್ ಪ್ಲಾಂಟಿನಲ್ಲಿದ್ದನಂತೆ,
ಬಂಗುಡೆ ಬೋಟಿಗೆ ಐಸ್ ಪುಡಿಮಾಡುತ್ತ.
ಒಂದು ರಾತ್ರಿ ಯಾರೂ ನೋಡದ ಹಾಗೆ
ಕುಡಿಯುವ ನೀರಿನ ಗಾಜಿನ ಬಾಟ್ಲಿ
ತಣ್ಣಗಾಗಲೆಂದು ಒಳಗಿಟ್ಟು ಮರೆತ.
ಬೆಳಿಗ್ಗೆ ನೋಡಿದರೆ ಗಾಜೆಲ್ಲ ಚೂರು,
ನೀರು ಒಂದೇ
ಬಾಟ್ಲಿಯ ಆಕಾರದಲ್ಲಿ ನಿಂತಿತ್ತು.
ಆ ದಿನದ ಸಂಬಳ ಹೋಯಿತು.

ಹೇಳಿ ಮುಗಿಸಿ, ಕೆತ್ತಿ ಬಿಡಿಸಿದ ಗುಂಡಿಯೊಳಗಿನ ಸರಳು ತೋರಿಸಿದ.
ತುಕ್ಕು ಪದರ ಪದರವಾಗಿ ಊದಿ
ಬೆರಳಷ್ಟಿದ್ದದ್ದು ಮಣಿಕಟ್ಟಿನಷ್ಟಾಗಿತ್ತು.
“ನಮ್ಮಲ್ಲಿ ಈ ಕೆಲಸ ಕಡಲು ಮಾಡ್ತದೆ.
ಅದಕ್ಕೆ ಚಳಿ ಬೇಡ, ಗಾಳಿ ಸಾಕು.
ಉಳಿದದ್ದು ನಾವು ದಿನಾ ಬೆಳಿಗ್ಗೆ ಕಳಿಸ್ತೇವಲ್ಲ.”

ತಂತಿ ಬ್ರಶ್ಶು, ಸತುವಿನ ಬಣ್ಣ, ಅಂಟು, ಗಾರೆ.
ತಂತಿ ಬ್ರಶ್ಶು, ಸತುವಿನ ಬಣ್ಣ, ಅಂಟು, ಗಾರೆ.
ನಲವತ್ತೇಳು ಸಲ.
ಒದ್ದೆ ಗೋಣಿ ಹೊದೆಸಿ ನೀರು ಚಿಮುಕಿಸುವುದು ಹುಲಿಗೆವ್ವನ ಪಾಲು;
ಗೋಣಿಯ ಮೂಲೆ ಒಣಗಿದರೂ
ಮೇಲೆ ಕಟ್ಟೆಯಿಂದಲೇ ಅವಳಿಗೆ ಕಾಣುತ್ತದೆ.

ಕೆಸರು ಒಣಗಿಸುವ ಅಂಕಣದಲ್ಲಿ
ಯಾರೂ ನೆಡದ ಟೊಮೆಟೊ.
ಪೇಟೆಯವರೆಲ್ಲರ ಹೊಟ್ಟೆ ದಾಟಿ,
ಪೈಪು ದಾಟಿ, ಜಾಲರಿ ದಾಟಿ ಬಂದ ಬೀಜ.
ಅವಳು ಸಾರಿಗೆಂದು ಕೊಯ್ದಳು, ನನಗೂ ನಾಲ್ಕು ಕೊಟ್ಟಳು.
ತೆಗೆದುಕೊಂಡೆ.
ಮನೆಯಲ್ಲಿ ಎಲ್ಲಿಯದೆಂದು ಹೇಳಲಿಲ್ಲ.
ರುಚಿ ಇತ್ತು.

ಕೊನೆಗೆ ತೊಟ್ಟಿ ತುಂಬಿಸಿ ಗೆರೆ ಎಳೆದೆವು.
ಪಕ್ಕದಲ್ಲೇ, ಅದೇ ಬಿಸಿಲಲ್ಲಿ, ಒಂದು ಬಕೆಟ್ ನೀರು,
ಅದಕ್ಕೂ ಒಂದು ಗೆರೆ.
ಮೂರು ದಿನ ಕಳೆದು ನೋಡಿದರೆ
ತೊಟ್ಟಿ ಹದಿಮೂರು ಮಿಲ್ಲಿಮೀಟರ್ ಇಳಿದಿದೆ.
ನಾನು ಎರಡು ಸಲ ಅಳೆದೆ.
ಯಾವ ಸುತ್ತು ಬಿಟ್ಟುಹೋಯಿತು, ಯಾವ ಡಬ್ ನಮಗೆ ಕೇಳಲಿಲ್ಲ ಎಂದು
ನೋಟ್‌ಬುಕ್ ತಿರುವತೊಡಗಿದೆ.

ಪೊಡಿಯಬ್ಬ ಮಾತಾಡದೆ
ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು
ಅಡಿಪಟ್ಟಿ ಇಳಿಸಿದ.
ಹದಿಮೂರು.
“ಸೂರ್ಯ ಕುಡಿದದ್ದು,” ಎಂದ,
“ಅವನಿಗೆ ಬಿಲ್ ಕಳಿಸ್ಲಿಕ್ಕೆ ಆಗ್ತದಾ?”

ಆಮೇಲೆ ಎದ್ದು ಹೊರಗೋಡೆಗೆ ಅಂಗೈ ಆನಿಸಿ
ಸ್ವಲ್ಪ ಹೊತ್ತು ನಿಂತ,
ಕೇಳದ ಕಿವಿ ನನ್ನ ಕಡೆಗೆ.
ನಾನು ಏನೋ ಒಂದು ಹೇಳಿದೆ,
ಸರಳವಾದದ್ದೇ, ಹೇಳಬೇಕಾದದ್ದೇ.
ಆಚೆ ನಾಲ್ಕನೇ ತೊಟ್ಟಿ ಬಸಿಯಲು
ಪಂಪು ಶುರುವಾಗಿತ್ತು.