ಅಶೋಕಪುರಂನಲ್ಲಿ ಊಟಿಯ ಗಿಡ

ಊಟಿ ಬಸ್ಸಿನಲ್ಲಿ ಮಡಿಲ ಮೇಲೆ ಕೂರಿಸಿಕೊಂಡು ತಂದೆ.
ಪ್ರಿಮ್‌ರೋಸ್.
ನಾಲಿಗೆ ಹೊರಳದೆ ಪಕ್ಕದಮನೆ ಚಿಕ್ಕತಾಯಮ್ಮ
ಪರಿಮಳ ಎಂದೇ ಕರೆದಳು;
ಪರಿಮಳವೇನೂ ಇಲ್ಲ ಇದಕ್ಕೆ.

ಪುಷ್ಯದುದ್ದಕ್ಕೂ ಹೂವು,
ಬೇಯಿಸಿದ ಮೊಟ್ಟೆಯೊಳಗಿನ ಹಳದಿ.
ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಯಿತು ನೋಡಿ,
ಕುಂಡ ಎತ್ತಿಕೊಂಡು ನೆರಳಿನ ಹಿಂದೆ ಹೊರಟೆ:
ಬೆಳಿಗ್ಗೆ ಒಗೆಯುವ ಕಲ್ಲಿನ ಪಕ್ಕ,
ಮಧ್ಯಾಹ್ನ ಸೀಬೆಮರದ ಬುಡ,
ಇಳಿಹೊತ್ತು ಸ್ಕೂಟರಿನ ಮರೆ.
ಅಕ್ಕಿ ತೊಳೆದ ನೀರು. ತಳಕ್ಕೆ ಒದ್ದೆ ಗೋಣಿ.

ಯುಗಾದಿಗೆ ಎಲೆ ಮಾತ್ರ ಉಳಿಯಿತು,
ಸುಕ್ಕುಸುಕ್ಕು, ನನ್ನ ಮುಂಗೈಯ ಹಾಗೆ.
"ಇನ್ನೂ ಯಾಕ್ ಹೊತ್ಕೊಂಡ್ ತಿರುಗ್ತೀರಿ?"

ಏನು ಹೇಳಲಿ. ಮೂವತ್ತು ವರ್ಷ ಗುಡಿಸಿದ ಅಂಗಳ,
ನೆರಳು ಎಲ್ಲೆಲ್ಲಿ ಬೀಳುತ್ತದೆಂದು
ಈಗ ಕಲಿಯುತ್ತಿದ್ದೇನೆ:
ಹನ್ನೊಂದೂವರೆಗೆ, ನೀರಿನ ತೊಟ್ಟಿಯ ಹಿಂದೆ,
ಒಂದೇ ಗೇಣು.