ಕಾಳು ಬೇಯದ ಊರು

ಪೊಟೊಸಿಗೆ ಬಂದ ಮೂರನೇ ದಿನ
ಫಿಡೇಲಿಯಾ ತನ್ನ ಕೈಗುಣವನ್ನೇ ಅನುಮಾನಿಸಿದಳು.

ಬೆಳಗಿನ ನಾಲ್ಕಕ್ಕೆ ಒಲೆಗಿಟ್ಟ ಕರಿ ಬೀನ್ಸು
ಏಳಾದರೂ ಹಂಡೆಯ ತಳದಲ್ಲಿ
ಹೊಳೆಗಲ್ಲಿನಂತೆ ಕಟಕಟ.
ನೀರಿಗೋ, ಅದ್ಯಾವ ಸೀಮೆಯ ಅವಸರವೋ,
ಉರಿ ತೋರಿಸುವುದೇ ತಡ, ಕೊತಕೊತ,
ದೇವರು ಮೈಮೇಲೆ ಬಂದವರ ಹಾಗೆ ಕುಣಿತ.
ಕುಣಿದದ್ದೇ ಬಂತು.

ತಗ್ಗಿನೂರಿನವಳು. ಮಮೊರೆ ಹೊಳೆಯ ದಂಡೆ, ಸೆಕೆ, ಸೊಳ್ಳೆ,
ಒದ್ದೆ ಕಂಬಳಿಯಾಗಿ ಹೆಗಲ ಮೇಲೆ ಆಕಾಶ.
ಅಲ್ಲಿ ನೀರು ಕುದಿಯಬೇಕಾದರೆ
ಆ ಭಾರವನ್ನಷ್ಟೂ ತಲೆಯಿಂದೆತ್ತಿ ಏಳಬೇಕು;
ಏಳುವಷ್ಟರಲ್ಲಿ ಕಾಯಬೇಕಾದಷ್ಟು ಕಾದಿರುತ್ತದೆ.
ಇಲ್ಲಿ ಎತ್ತಲು ಏನಿದೆ?
ನಾಲ್ಕು ಸಾವಿರ ಮೀಟರಿನ ಮೇಲೆ
ಗಾಳಿ ಬರೀ ಹೆಸರಿಗೆ.
ಎಂಬತ್ತಾರು ಡಿಗ್ರಿಗೇ ನೀರಿಗೆ ಬಿಡುಗಡೆ.
ಆಮೇಲೆ ಉರಿ ಎಷ್ಟೇ ಏರಿಸು,
ಹಾರಿಹೋದೀತು, ಬಿಸಿ ಏರದು.

ಬೇಯುವ ತನಕ ಇದ್ದವರು ಆರುವ ತನಕ ಇರಲಾರರೇ
ಅನ್ನುವ ನಮ್ಮ ಗಾದೆ ಈ ಬೆಟ್ಟ ಹತ್ತಲಾರದು:
ಆರಲು ಇಲ್ಲಿ ಚಣ ಸಾಕು,
ಬೇಯುವುದಕ್ಕೇ ಆಯುಷ್ಯ.

ರಾತ್ರಿ ಪಾಳಿ ಮುಗಿಸಿ ಬಂದ ತಿಯೋಡೊಸಿಯೊ
ಹೆಲ್ಮೆಟ್ಟು ಬಿಚ್ಚದೆ ಒಂದು ಕಾಳು ಕಚ್ಚಿ,
ಉಗುಳಿ, ಅಂಗೈಯಲ್ಲಿಟ್ಟು ನೋಡಿದ:
"ಅದಿರು ಚೆನ್ನಾಗಿದೆ. ಯಾವ ಸುರಂಗದ್ದು?"
ಹದಿನೆಂಟು ಜನ ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು.
ಅವಳಿಗೆ ಮಾತ್ರ ಒಳಗೆ ಕುದಿಯಿತು,
ಪೂರ್ತಿ ನೂರು ಡಿಗ್ರಿ.

ಪಾತ್ರೆ ತೊಳೆಯುವ ಮುದುಕಿ ಕಸಿಲ್ಡಾ
ಏನೂ ಅನ್ನದೆ ಚೀಲದ ಬಾಯಿ ಬಿಚ್ಚಿದಳು: ಚುನ್ಯೊ.
ಜೂನಿನ ಹಿಮದ ರಾತ್ರಿಗಳಲ್ಲಿ ಬಯಲಲ್ಲಿ ಮಲಗಿಸಿ
ಹಗಲು ಬರಿಗಾಲಲ್ಲಿ ತುಳಿದು ಒಣಗಿಸಿದ ಆಲೂಗಡ್ಡೆ,
ಇದ್ದಿಲಿನಷ್ಟು ಕಪ್ಪು, ಅಷ್ಟೇ ಹಗುರ.
"ಬೆಂಕಿಗೆ ಕಷ್ಟವಾದದ್ದನ್ನು ನಮ್ಮಜ್ಜಿಯರು
ಚಳಿಗೆ ಒಪ್ಪಿಸುತ್ತಿದ್ದರು.
ನೀನು ಬೀನ್ಸೇ ಬೇಕೆನ್ನುತ್ತೀಯ" ಎಂದು ಗೊಣಗಿ
ಅಟ್ಟದಿಂದ ಹಳೇ ಪೇಪರು ಸುತ್ತಿದ ಕುಕ್ಕರು ಇಳಿಸಿದಳು.
ಹಿಡಿಗೆ ತಂತಿ ಬಿಗಿದಿತ್ತು.

ಮುಚ್ಚಳ ಕೂತ ಮೇಲೆ
ಫಿಡೇಲಿಯಾಳ ಎರಡು ಬೆರಳ ನಡುವೆ
ನೆಲ್ಲಿಕಾಯಿ ಗಾತ್ರದ ಒಂದು ಗುಂಡು.
ಇಷ್ಟೇ ಕಡಿಮೆಯಿದ್ದದ್ದು.
ಊರಿನ ಆಕಾಶದ ಒಂದು ಚೂರು
ನಳಿಕೆಯ ಮೇಲೆ ಕೂತು ನೀರಿಗೆ
ತಡಿ, ಇನ್ನೂ ಸ್ವಲ್ಪ ತಡಿ, ಅಂದಿತು.

ಸೀಟಿ ಹೊಡೆದಾಗ ಹದಿನೆಂಟು ತಲೆ
ಗಣಿಯ ಕಡೆ ತಿರುಗಿದವು, ಅಭ್ಯಾಸ.

ಮುದುಕಿಗೆ ಮೊದಲ ಕಾಳು.
ಹಲ್ಲಿಲ್ಲದ ಬಾಯಿ, ನಾಲಗೆಯಿಂದ ಅಂಗುಳಿಗೊತ್ತಿ
ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದಳು.

"ಇನ್ನೊಂದು ಸೀಟಿ."